ಬಣ್ಣದ ಡಬ್ಬಿ: ಟಿಪ್ಪುವಿನ ರಾಯಭಾರಿಯ ಚಿತ್ರ ಬಿಡಿಸಿದ ಹೆಂಗಸು

ಕಳೆದ ಸಂಚಿಕೆಯಲ್ಲಿ ಮುಖ ಬಿಡಿಸುವ ಬಗ್ಗೆ ಬರೆಯುತ್ತಾ ಫ್ರಾನ್ಸಿನ ಎಲಿಜಬೆತ್ ವಿಜೇ ಲೆ ಬ್ರುನ್ ಎಂಬ ಕಲಾವಿದೆಯ ಹೆಸರು ಹೇಳಿದ್ದೆ. ಎರಡೇ ಸಾಲು. ಅದರ ಮೇಲೆ ಹದಿಮೂರು ಪತ್ರ ಬಂದಿವೆ. ಹೆಚ್ಚಿನವು ನಮ್ಮ ಕಾಸರಗೋಡು ಜಿಲ್ಲೆಯ ಓದುಗರವು. ನನಗೆ ತುಂಬಾ ಖುಷಿಯಾಯಿತು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಆರನ್ನು ಆರಿಸಿಕೊಂಡಿದ್ದೇನೆ. ಈ ಸಲದ ಅಂಕಣ ಪೂರ್ತಿ ಆಕೆಗೇ.

ಬದಿಯಡ್ಕದಿಂದ ಹತ್ತನೇ ಕ್ಲಾಸಿನ ವಿದ್ಯಾರ್ಥಿನಿ: ಟೀಚರ್, ಅಣ್ಣನ ಫೋನಿನಲ್ಲಿ ಒಂದು ಚಿತ್ರ ನೋಡಿದೆ. ಬಿಳಿ ನಿಲುವಂಗಿ, ಪೇಟ, ಕೈಯಲ್ಲಿ ಕತ್ತಿ. ಕೆಳಗೆ 'ಟಿಪ್ಪು ಸುಲ್ತಾನನ ರಾಯಭಾರಿ, ಚಿತ್ರ ಬಿಡಿಸಿದ್ದು ಫ್ರೆಂಚ್ ಮಹಿಳೆ' ಅಂತ ಇತ್ತು. ನೀವು ಹೇಳಿದ್ದು ಇವರನ್ನೇನಾ? ಇದು ನಿಜವಾ?

ನಿಜ ಮಗಳೇ. ಚಿತ್ರ ಬಿಡಿಸಿದ್ದು ಇವರೇ. ಚಿತ್ರದಲ್ಲಿ ನಿಂತವರ ಹೆಸರು ಮಹಮ್ಮದ್ ದರ್ವೇಶ್ ಖಾನ್. 1788ರಲ್ಲಿ ಪ್ಯಾರಿಸ್‌ನಲ್ಲಿ ಬಿಡಿಸಿದ್ದು.

1784ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದ ಆದದ್ದು ನಮ್ಮ ಪಕ್ಕದ ಮಂಗಳೂರಿನಲ್ಲಿ. ಅದನ್ನು ಪಾಠದಲ್ಲಿ ಓದಿರುತ್ತಿ. ಆಗ ಬೇಕಲ ಕೋಟೆಯೂ ಟಿಪ್ಪುವಿನ ಕೈಯಲ್ಲೇ ಇತ್ತು. ಒಪ್ಪಂದ ಆದರೂ ಇಂಗ್ಲಿಷರು ಸುಮ್ಮನೆ ಕೂರುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಸಹಾಯ ಕೇಳಲು ಮೂವರನ್ನು ಕಳಿಸಿದ. ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಅವರು 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದರು. ಆಫ್ರಿಕಾವನ್ನು ಸುತ್ತಿಕೊಂಡು, ಮರುವರ್ಷ ಜೂನ್‌ನಲ್ಲಿ ಫ್ರಾನ್ಸಿನ ಟೂಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆಯ ಭೇಟಿ ಆಯಿತು. ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ. ಸೆವ್ರ್ ಎಂಬಲ್ಲಿ ಮಾಡಿದ ಬಹಳ ಚಂದದ ಪಿಂಗಾಣಿ ಉಡುಗೊರೆ ಸಿಕ್ಕಿತು. ಸೈನ್ಯ ಮಾತ್ರ ಸಿಗಲಿಲ್ಲ. ಲೂಯಿಯ ಬೊಕ್ಕಸವೇ ಖಾಲಿಯಾಗಿತ್ತು.

ಪ್ಯಾರಿಸ್ ಜನ ಇವರನ್ನು ನೋಡಲು ಮುಗಿಬಿದ್ದರು. ಎಲಿಜಬೆತ್ ಇವರನ್ನು ಕಂಡದ್ದು ಅಲ್ಲಿನ ಒಪೇರಾದಲ್ಲಿ, ಅಂದರೆ ಹಾಡುನಾಟಕದ ರಂಗಮಂದಿರದಲ್ಲಿ. ಕಂಡ ಕೂಡಲೇ ಇವರ ಚಿತ್ರ ಬಿಡಿಸಬೇಕು ಅನಿಸಿತಂತೆ. ದೊರೆ ಹೇಳಿದರೆ ಮಾತ್ರ ನಿಲ್ಲುತ್ತೇವೆ ಎಂದರು ರಾಯಭಾರಿಗಳು. ಆಕೆ ದೊರೆಯಿಂದಲೇ ಹೇಳಿಸಿದಳು. ದೊಡ್ಡ ಕ್ಯಾನ್ವಾಸ್, ಬಣ್ಣ ಎಲ್ಲ ಹೊರಿಸಿಕೊಂಡು ಅವರು ಇಳಿದುಕೊಂಡಿದ್ದ ಮನೆಗೆ ಹೋದಳು. ಒಳಗೆ ಕಾಲಿಟ್ಟಾಗ ಒಬ್ಬರು ಬಂದು ಆಕೆಯ ಕೈಗೆ ಪನ್ನೀರು ಹಾಕಿದರು. ನಮ್ಮ ಕಡೆ ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರಲ್ಲ, ಅದೇ ಮರ್ಯಾದೆ ಅಂತ ನನಗೆ ತೋರುತ್ತದೆ. ಇದನ್ನೆಲ್ಲ ಆಕೆಯೇ ಮುದಿ ವಯಸ್ಸಿನಲ್ಲಿ ತನ್ನ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾಳೆ. ಅದರ ಇಂಗ್ಲಿಷ್ ಅನುವಾದವನ್ನು ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದ್ದೇನೆ.

ದರ್ವೇಶ್ ಖಾನ್ ನಿಂತ ಬಗೆ ಆಕೆಗೆ ಬಹಳ ಹಿಡಿಸಿತು. ಹೀಗೆ ನಿಲ್ಲಿ, ಹಾಗೆ ತಿರುಗಿ ಅಂತ ಹೇಳುವ ಕೆಲಸವೇ ಬೀಳಲಿಲ್ಲ. ತಾನಾಗಿಯೇ ಅಷ್ಟು ಸಹಜವಾಗಿ ನಿಂತರು. ಇನ್ನೊಂದು ಚಿತ್ರದಲ್ಲಿ ಉಸ್ಮಾನ್ ಖಾನ್ ತನ್ನ ಮಗನ ಜತೆ ಇದ್ದಾರೆ. ಒಂದು ದಿನ ಅವರು ಎಲಿಜಬೆತ್‌ಳನ್ನೂ ಆಕೆಯ ಗೆಳತಿಯನ್ನೂ ಊಟಕ್ಕೆ ಕರೆದರು. ಹೋಗಿ ನೋಡಿದರೆ ನೆಲದ ಮೇಲೆ ಬಡಿಸಿದೆ! ಇವರೂ ನೆಲಕ್ಕೇ ಕೂತರು. ಕುರಿಕಾಲಿನ ಖಾರದ ಅಡುಗೆಯನ್ನು ರಾಯಭಾರಿಗಳು ಕೈಯಲ್ಲೇ ತೆಗೆದು ಬಡಿಸಿದರು. ಪ್ಯಾರಿಸ್‌ನ ಹೆಂಗಸರಿಗೆ ಅದೊಂದು ದೊಡ್ಡ ಅನುಭವ.

ಕೊನೆಗೆ ಒಂದು ಪೇಚಾಟ ಆಯಿತು. ಬಣ್ಣ ಒಣಗಲಿ ಅಂತ ಆಕೆ ಚಿತ್ರವನ್ನು ಅಲ್ಲೇ ಬಿಟ್ಟು ಬಂದಿದ್ದಳು. ತರಿಸಲು ಜನ ಕಳಿಸಿದರೆ ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಅಡಗಿಸಿಟ್ಟಿದ್ದರು. ಕೊಡುವುದಿಲ್ಲ, ಅದಕ್ಕೊಂದು ಆತ್ಮ ಬೇಕು ಎಂದರಂತೆ. ನನಗೆ ಅವರ ಮನಸ್ಸು ಸ್ವಲ್ಪ ಅರ್ಥವಾಗುತ್ತದೆ. ನನ್ನ ಅಜ್ಜಿ ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೊನೆಯವರೆಗೂ ಕ್ಯಾಮರಾದ ಎದುರು ಬರಲಿಲ್ಲ. ತನ್ನದೇ ಮುಖ ತನ್ನಷ್ಟೇ ದೊಡ್ಡದಾಗಿ ಎದುರು ನಿಂತರೆ ಯಾರಿಗಾದರೂ ಒಮ್ಮೆ ಮೈ ಜುಂ ಅನ್ನುತ್ತದೆ, ಅಲ್ವಾ? ಹೇಗೋ ಚಿತ್ರ ಆಕೆಯ ಕೈಸೇರಿತು. 1789ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಇಟ್ಟರು.

ನೀನು ಫೋನಿನಲ್ಲಿ ನೋಡಿದ ಆ ಚಿತ್ರದ ನಿಜವಾದ ಎತ್ತರ ಏಳಡಿಗಿಂತ ಜಾಸ್ತಿ. ದೊರೆಗಳನ್ನು ಬಿಡಿಸುವ ಅಳತೆ ಅದು. 2019ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದಾಗ ಸುಮಾರು 72 ಲಕ್ಷ ಡಾಲರ್ ಬಂತು. ಅಂದಿನ ಲೆಕ್ಕದಲ್ಲಿ 50 ಕೋಟಿ ರೂಪಾಯಿ. ಆ ಕಾಲದ ಮಹಿಳೆಯರು ಬಿಡಿಸಿದ ಚಿತ್ರಗಳಲ್ಲಿ ಅದುವರೆಗೆ ಯಾವುದಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಇನ್ನೊಮ್ಮೆ ನೋಡುವಾಗ ಬೆರಳಿನಿಂದ ದೊಡ್ಡದು ಮಾಡಿ ಅಂಗಿಯ ಬಿಳಿಯನ್ನು ಮಾತ್ರ ನೋಡು. ಅದರೊಳಗೆ ಎಷ್ಟು ಬಣ್ಣ ಇದೆ ಅಂತ ಲೆಕ್ಕ ಹಾಕಿ ನನಗೆ ಬರೆ.

ಉಪ್ಪಳದಿಂದ ಒಬ್ಬ ವ್ಯಾಪಾರಿ: ಆ ಕಾಲದಲ್ಲಿ ಹೆಂಗಸೊಬ್ಬಳು ಅರಮನೆಯ ಚಿತ್ರಕಾರಳಾದದ್ದು ಹೇಗೆ? ದೊಡ್ಡ ಮನೆತನದವಳೋ?

ಅಲ್ಲ. ದುಡಿದು ತಿನ್ನುವ ಮನೆಯವಳು. ಹುಟ್ಟಿದ್ದು 1755ರ ಏಪ್ರಿಲ್ 16, ಪ್ಯಾರಿಸ್‌ನಲ್ಲಿ. ಅಪ್ಪ ಲೂಯಿ ವಿಜೇ, ಪೇಸ್ಟಲ್ ಕಡ್ಡಿಯಲ್ಲಿ ಮುಖ ಬಿಡಿಸಿ ಜೀವನ ಮಾಡುವವರು. ಅಮ್ಮ ಕೂದಲು ಅಲಂಕಾರ ಮಾಡುವವರು. ಅಪ್ಪನೇ ಮೊದಲ ಗುರು. ಆಕೆಗೆ ಹನ್ನೆರಡು ವರ್ಷ ಆಗಿದ್ದಾಗ ಅಪ್ಪನ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡಿತು. ನಾವಾದರೆ ಒಂದು ಉಂಡೆ ಅನ್ನ ನುಂಗು ಅನ್ನುತ್ತೇವೆ. ಅವರಿಗೆ ಹೊಟ್ಟೆಗೆ ಇಳಿದು ನಂಜಾಯಿತು. ಕೊಯ್ದು ತೆಗೆಯಲು ನೋಡಿದರು, ಉಳಿಯಲಿಲ್ಲ. ಅದು 1767.

ಈ ಪುಟ ಓದುವಾಗ ನನಗೆ ಪುಸ್ತಕ ಮುಚ್ಚಿಡಬೇಕಾಯಿತು. ನನ್ನ ಅಪ್ಪ ಕಾಸರಗೋಡು ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದರು. ಅಂಗಡಿ ಬೋರ್ಡು, ಬಸ್ಸಿನ ಹೆಸರು, ಯಕ್ಷಗಾನ ಬಯಲಾಟದ ಬ್ಯಾನರು. ಅವರು ಕಲಿತದ್ದು ಕನ್ನಡ ಅಕ್ಷರ. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಮಲಯಾಳದಲ್ಲೂ ಬರೆಯಬೇಕಾಯಿತು. ರಾತ್ರಿ ಚಿಮಿಣಿ ದೀಪದ ಹತ್ತಿರ ಕೂತು ಸ್ಲೇಟಿನಲ್ಲಿ ಆ ಅಕ್ಷರಗಳ ಸುತ್ತು ಕಲಿತರು. ನನಗೆ ಹದಿನಾಲ್ಕು ವರ್ಷ ಇದ್ದಾಗ ತೀರಿಕೊಂಡರು. ಚಾವಡಿಯಲ್ಲಿ ಹೊಲಿಗೆ ಅಂಗಡಿಯ ಬೋರ್ಡೊಂದು ಅರ್ಧಕ್ಕೆ ನಿಂತಿತ್ತು. ಹದಿನೈದು ದಿನ ಕಳೆದ ಮೇಲೆ ಅಂಗಡಿಯವರು ಮುಂಗಡ ವಾಪಸು ಕೇಳಲು ಬಂದರು. ಅಮ್ಮನ ಹತ್ತಿರ ದುಡ್ಡಿರಲಿಲ್ಲ. ನಾನೇ ನೂಲು ಹಿಡಿದು ಗೆರೆ ಹೊಡೆದು, ಅಪ್ಪನ ಚಪ್ಪಟೆ ಬ್ರಷ್‌ನಲ್ಲಿ ಉಳಿದ ನಾಲ್ಕು ಅಕ್ಷರ ಬರೆದು ಮುಗಿಸಿದೆ. ಆಮೇಲೆ ಎರಡು ವರ್ಷ ನಮ್ಮ ಮನೆಯ ಅಕ್ಕಿಗೆ ಬೋರ್ಡಿನ ದುಡ್ಡೂ ಸೇರುತ್ತಿತ್ತು.

ಎಲಿಜಬೆತ್ ಕೂಡಾ ಹಾಗೆಯೇ. ಹದಿನೈದರ ಹೊತ್ತಿಗೆ ಮುಖ ಬಿಡಿಸಿ ಮನೆ ನಡೆಸುತ್ತಿದ್ದಳು. ತಮ್ಮನ ಶಾಲೆ ಖರ್ಚೂ ಅವಳದೇ. ಅಮ್ಮ ಮರುಮದುವೆಯಾದರು. ಚಿನ್ನದ ಕೆಲಸದ ಆ ಮನುಷ್ಯ ಮಗಳ ಸಂಪಾದನೆಯನ್ನು ತೆಗೆದುಕೊಳ್ಳುತ್ತಿದ್ದ. ಸತ್ತ ಅಪ್ಪನ ಬಟ್ಟೆಗಳನ್ನೂ ಅವನೇ ಹಾಕಿಕೊಂಡು ತಿರುಗುತ್ತಿದ್ದ. ದುಡ್ಡಿಗಿಂತ ಹೆಚ್ಚಾಗಿ ಆ ಬಟ್ಟೆಯ ಸಂಕಟವೇ ಅವಳ ಬರಹದಲ್ಲಿ ಕಾಣುತ್ತದೆ.

ಶಾಲೆ ಅಂತ ಇರಲಿಲ್ಲ. ಹೆಣ್ಣುಮಕ್ಕಳು ಅಕಾಡೆಮಿಯಲ್ಲಿ ಗಂಡು ಮೈಯನ್ನು ನೋಡಿ ಅಭ್ಯಾಸ ಮಾಡುವಂತಿರಲಿಲ್ಲ. ಅಪ್ಪನ ಗೆಳೆಯರಾಗಿದ್ದ ಚಿತ್ರಕಾರರು ಒಂದೊಂದು ಮಾತು ಹೇಳಿಕೊಟ್ಟರು. ಸಮುದ್ರದ ಚಿತ್ರಗಳಿಗೆ ಹೆಸರಾದ ಜೋಸೆಫ್ ವೆರ್ನೆ ಕೊಟ್ಟ ಸಲಹೆ ದೊಡ್ಡದು. ಯಾವ ಪಂಥಕ್ಕೂ ಅಂಟಿಕೊಳ್ಳಬೇಡ, ಇಟಲಿಯ ಮತ್ತು ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ ಕಡೆಯ) ಹಿರಿಯರ ಚಿತ್ರ ನೋಡು, ಎಲ್ಲಕ್ಕಿಂತ ಹೆಚ್ಚು ಪ್ರಕೃತಿಯನ್ನು ನೋಡು. ಆಕೆ ಪ್ಯಾರಿಸ್‌ನ ಸಂಗ್ರಹಗಳಿಗೆ ಹೋಗಿ ಆ ಕಡೆಯ ಹಿರಿಯ ಚಿತ್ರಕಾರ ರೂಬೆನ್ಸ್‌ನ ಚಿತ್ರಗಳನ್ನು ನಕಲು ಮಾಡಿ ಕಲಿತಳು. 1774ರಲ್ಲಿ ಪರವಾನಗಿ ಇಲ್ಲದೆ ಚಿತ್ರ ಬಿಡಿಸುತ್ತಾಳೆ ಅಂತ ಅಧಿಕಾರಿಗಳು ಅವಳ ಸಾಮಾನುಗಳನ್ನು ಜಪ್ತಿ ಮಾಡಿದರು. ಅದೇ ವರ್ಷ ಸೇಂಟ್ ಲ್ಯೂಕ್ ಹೆಸರಿನ ಚಿತ್ರಕಾರರ ಸಂಘದಲ್ಲಿ ಸದಸ್ಯಳಾಗಿ ಆ ತೊಂದರೆ ಕಳೆದುಕೊಂಡಳು. 1776ರಲ್ಲಿ ಮದುವೆ. ಗಂಡ ಲೆ ಬ್ರುನ್ ಚಿತ್ರಗಳ ವ್ಯಾಪಾರಿ. ಮನೆತುಂಬ ಒಳ್ಳೊಳ್ಳೆಯ ಹಳೆಯ ಚಿತ್ರಗಳು ಇದ್ದವು, ಅವಳಿಗೆ ಅದು ಭಾಗ್ಯ. ಆದರೆ ಅವನಿಗೆ ಜೂಜಿನ ಚಟ. ಅವಳ ದುಡಿಮೆ ಎಲ್ಲ ಅಲ್ಲೇ ಕರಗಿತು.

ಅರಮನೆಯ ಬಾಗಿಲು ತೆರೆದದ್ದು 1778ರಲ್ಲಿ. ರಾಣಿ ಮೇರಿ ಆಂಟೊಯ್ನೆಟ್‌ಳ ತಾಯಿ ಆಸ್ಟ್ರಿಯದ ಸಾಮ್ರಾಜ್ಞಿ. ಮಗಳ ಒಂದು ಒಳ್ಳೆಯ ಚಿತ್ರ ಬೇಕು ಎಂದು ಅವರಿಗೆ ಎಷ್ಟೋ ವರ್ಷದಿಂದ ಆಸೆ. ಎಲಿಜಬೆತ್ ರಾಣಿಯನ್ನು ಬಿಳಿ ಸ್ಯಾಟಿನ್ ಉಡುಪಿನಲ್ಲಿ ಬಿಡಿಸಿದಳು. ಆ ಚಿತ್ರ ಈಗಲೂ ವಿಯೆನ್ನಾದಲ್ಲಿದೆ. ರಾಣಿಯೂ ಅವಳೂ ಒಂದೇ ವರ್ಷ ಹುಟ್ಟಿದವರು. ಇಬ್ಬರಿಗೂ ಹಾಡು ಎಂದರೆ ಇಷ್ಟ. ಕೆಲಸದ ನಡುವೆ ಜತೆಯಾಗಿ ಹಾಡುತ್ತಿದ್ದರು. ಒಮ್ಮೆ ಎಲಿಜಬೆತ್ ತುಂಬು ಬಸುರಿ. ಮೈ ಹುಷಾರಿಲ್ಲದೆ ಹಿಂದಿನ ದಿನ ಬರಲಾಗದ್ದಕ್ಕೆ ಹೆದರಿಕೊಂಡೇ ಬಂದಿದ್ದಳು. ಅವಸರದಲ್ಲಿ ಬಣ್ಣದ ಪೆಟ್ಟಿಗೆ ತೆರೆಯುವಾಗ ಕುಂಚಗಳೆಲ್ಲ ನೆಲಕ್ಕೆ ಬಿದ್ದವು. ಬಗ್ಗಲು ಹೋದಾಗ ರಾಣಿ ತಡೆದು, ತಾನೇ ಬಗ್ಗಿ ಒಂದೊಂದಾಗಿ ಹೆಕ್ಕಿಕೊಟ್ಟಳು. ಅದನ್ನು ಆಕೆ ಸಾಯುವವರೆಗೂ ಮರೆಯಲಿಲ್ಲ.

1783ರ ಮೇ 31ರಂದು ರಾಜಮನೆತನದ ಚಿತ್ರಕಲಾ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. ಅದಕ್ಕೂ ದೊರೆಯ ಆಜ್ಞೆ ಬೇಕಾಯಿತು. ಗಂಡ ಚಿತ್ರ ಮಾರುವವನು, ಹಾಗಾಗಿ ಇವಳು ಬೇಡ ಎಂದು ತಕರಾರು ತೆಗೆದಿದ್ದರು. ಹೆಂಗಸರು ಒಟ್ಟು ನಾಲ್ಕೇ ಜನ ಇರಬಹುದು ಎಂಬ ನಿಯಮ ಬೇರೆ. ಅದೇ ದಿನ ಅಡೆಲೈಡ್ ಲಬೀಲ್ ಗಿಯಾರ್ ಎಂಬ ಇನ್ನೊಬ್ಬ ಒಳ್ಳೆಯ ಚಿತ್ರಕಾರ್ತಿಯೂ ಸದಸ್ಯೆಯಾದಳು. ಜನ ಅವರಿಬ್ಬರನ್ನು ಜಗಳಕ್ಕೆ ಬಿಟ್ಟಂತೆ ಹೋಲಿಸಿ ಹೋಲಿಸಿ ಬರೆದರು. ಇಬ್ಬರು ಗಂಡಸರು ಒಂದೇ ದಿನ ಸೇರಿದ್ದರೆ ಹಾಗೆ ಬರೆಯುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಆ ವರ್ಷದ ಪ್ರದರ್ಶನದಲ್ಲಿ ದೊಡ್ಡ ಗದ್ದಲ ಆಯಿತು. ಆಕೆ ರಾಣಿಯನ್ನು ಹತ್ತಿಯ ತೆಳು ಮಸ್ಲಿನ್ ಬಟ್ಟೆಯಲ್ಲಿ, ಹುಲ್ಲಿನ ಟೋಪಿ ಹಾಕಿಸಿ ಬಿಡಿಸಿದ್ದಳು. ನಮಗೆ ನೋಡಿದರೆ ಎಷ್ಟು ಚಂದ, ಸೆಖೆಗೆ ಸರಿಯಾದ ಬಟ್ಟೆ! ಅಲ್ಲಿನವರಿಗೆ ಅದು ಒಳ ಉಡುಪಿನಂತೆ ಕಂಡಿತು. ಇನ್ನೊಂದು ಸಿಟ್ಟೂ ಇತ್ತು. ಲಿಯೋನ್ ಊರಿನ ರೇಷ್ಮೆ ಬಿಟ್ಟು ರಾಣಿ ಹೊರಗಿನ ಹತ್ತಿ ಉಟ್ಟರೆ ನೇಕಾರರ ಗತಿ ಏನು ಅಂತ. ಅಂಥ ಮಸ್ಲಿನ್ ಹೆಚ್ಚಾಗಿ ಭಾರತದ ಕಡೆಯಿಂದ ಹೋಗುತ್ತಿತ್ತು. ಚಿತ್ರ ತೆಗೆಯಲೇಬೇಕಾಯಿತು. ಕೆಲವೇ ದಿನಗಳಲ್ಲಿ ಅದೇ ಭಂಗಿಯಲ್ಲಿ, ಕೈಯಲ್ಲಿ ಅದೇ ಗುಲಾಬಿ ಹಿಡಿಸಿ, ರೇಷ್ಮೆ ಉಡಿಸಿ ಇನ್ನೊಂದು ಬಿಡಿಸಿಕೊಟ್ಟಳು.

ಅವಳ ಅರಮನೆಯ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 1787ರ ಚಿತ್ರ. ರಾಣಿ ಮತ್ತು ಮಕ್ಕಳು. ಒಂಬತ್ತು ಅಡಿ ಎತ್ತರ, 18,000 ಲಿವ್ರ್ (ಆಗಿನ ಫ್ರೆಂಚ್ ಹಣ) ಸಂಭಾವನೆ. ವಂಚಕರು ರಾಣಿಯ ಹೆಸರು ಹೇಳಿ ವಜ್ರದ ಹಾರ ಲಪಟಾಯಿಸಿದ ಹಗರಣದಲ್ಲಿ ರಾಣಿಯ ಹೆಸರು ಕೆಟ್ಟಿತ್ತು. ಆಕೆ ಒಳ್ಳೆಯ ತಾಯಿ ಎಂದು ಜನಕ್ಕೆ ತೋರಿಸಬೇಕಿತ್ತು. ಚಿತ್ರ ಮುಗಿಯುವ ಮೊದಲೇ, ಆ ಜೂನ್‌ನಲ್ಲಿ, ಇನ್ನೂ ವರ್ಷ ತುಂಬದ ಕೊನೆಯ ಮಗು ಸೋಫಿ ತೀರಿಕೊಂಡಿತು. ಚಿತ್ರದಲ್ಲಿ ಬಲಗಡೆ ಒಂದು ಖಾಲಿ ತೊಟ್ಟಿಲಿದೆ. ದೊಡ್ಡ ಹುಡುಗ ಅದರತ್ತ ಬೆರಳು ತೋರಿಸುತ್ತಾನೆ. ಎರಡು ವರ್ಷದಲ್ಲಿ ಅವನೂ ಹೋದ. ಆಮೇಲೆ ಆ ಚಿತ್ರದ ಎದುರು ಹಾದುಹೋಗುವಾಗೆಲ್ಲ ಅಳು ಬರುತ್ತದೆ ಎಂದು ರಾಣಿ ಅದನ್ನು ಅಲ್ಲಿಂದ ತೆಗೆಸಿದಳು. ಹಾಗೆ ತೆಗೆದಿಟ್ಟದ್ದರಿಂದಲೇ 1789ರ ಫ್ರೆಂಚ್ ಕ್ರಾಂತಿಯ ಜನರ ಕೈಗೆ ಅದು ಸಿಗದೆ ಉಳಿಯಿತು ಎನ್ನುತ್ತಾಳೆ ಎಲಿಜಬೆತ್. ಈಗ ವರ್ಸೇಲ್ಸ್‌ನಲ್ಲೇ ಇದೆ.

ಹೊಸಂಗಡಿಯಿಂದ ನಿವೃತ್ತ ಬ್ಯಾಂಕ್ ಉದ್ಯೋಗಿ: ಜನ ಹಸಿದಿರುವಾಗ ರಾಣಿಯ ಜತೆ ಹಾಡುತ್ತಿದ್ದವಳು, ಕ್ರಾಂತಿ ಬಂದಾಗ ಓಡಿಹೋದವಳು. ಇಂಥವರನ್ನು ನೀವು ಯಾಕೆ ಹೊಗಳುತ್ತೀರಿ?

ನಿಮ್ಮ ಪ್ರಶ್ನೆಯಲ್ಲಿ ನ್ಯಾಯ ಇದೆ. ಅವಳ ಪುಸ್ತಕದಲ್ಲಿ ಬಡವರ ಹಸಿವು ಕಾಣುವುದು ಬಹಳ ಕಡಿಮೆ. ಕ್ರಾಂತಿಗೆ ಮುಂಚಿನ ಕಾಲವೇ ಚಿನ್ನದ ಕಾಲ ಅಂತ ಕೊನೆವರೆಗೂ ನಂಬಿದ್ದಳು. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದೆಯೂ ಅವಳ ಕೆಲಸವನ್ನು ಮೆಚ್ಚುತ್ತೇನೆ.

ಅವಳ ಬಗ್ಗೆ ಹಬ್ಬಿದ ಸುಳ್ಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1788ರಲ್ಲಿ ಮನೆಯಲ್ಲೇ ಗೆಳೆಯರಿಗೆ ಗ್ರೀಕರ ವೇಷ ಹಾಕಿಸಿ ಒಂದು ರಾತ್ರಿಯೂಟ ಮಾಡಿದಳು. ಸ್ಟುಡಿಯೋದಲ್ಲಿದ್ದ ಬಟ್ಟೆ, ಬೇರೆಯವರಿಂದ ತಂದ ಹೂಜಿ. ಖರ್ಚು ಹದಿನೈದು ಫ್ರಾಂಕ್. ಆ ಮಾತು ವರ್ಸೇಲ್ಸ್ ಮುಟ್ಟುವಾಗ 20,000 ಆಗಿತ್ತು. ರೋಮಿನಲ್ಲಿ 40,000. ಮುಂದೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಾಗ 80,000 ಅಂತ ಕೇಳಿದಳು. ಅವಳ ಮನೆಯ ನೆಲಮಾಳಿಗೆಯ ಕಿಂಡಿಯಿಂದ ಗಂಧಕ ಎಸೆದರು. ಬೀದಿಯಲ್ಲಿ ಮುಷ್ಟಿ ತೋರಿಸಿದರು.

1789ರ ಅಕ್ಟೋಬರ್‌ನಲ್ಲಿ, ದೊರೆ ರಾಣಿಯರನ್ನು ಜನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಎಳೆತಂದ ಅದೇ ರಾತ್ರಿ, ಕೂಲಿ ಹೆಂಗಸಿನ ಬಟ್ಟೆ ಹಾಕಿಕೊಂಡು ಆಕೆ ಬಾಡಿಗೆ ಕುದುರೆಗಾಡಿ ಹತ್ತಿದಳು. ಜತೆಗೆ ಒಂಬತ್ತು ವರ್ಷದ ಮಗಳು ಜೂಲಿ, ಮಗುವನ್ನು ನೋಡಿಕೊಳ್ಳುವ ಒಬ್ಬಳು. ಗಂಡ ಬರಲಿಲ್ಲ. ಲಕ್ಷ ಲಕ್ಷ ದುಡಿದವಳ ಕೈಯಲ್ಲಿ ಪ್ರಯಾಣಕ್ಕಾಗುವಷ್ಟು ಮಾತ್ರ ಇತ್ತು.

ಇಲ್ಲಿಂದಲೇ ನನಗೆ ಅವಳ ಮೇಲೆ ಗೌರವ ಜಾಸ್ತಿಯಾದದ್ದು. ಟೂರಿನ್, ಫ್ಲಾರೆನ್ಸ್, ರೋಮ್, ನೇಪಲ್ಸ್. ಆಮೇಲೆ ವಿಯೆನ್ನಾ. 1795ರಿಂದ ಆರು ವರ್ಷ ರಷ್ಯಾ. ಹೋದಲ್ಲೆಲ್ಲ ಬಾಡಿಗೆಗೆ ಒಂದು ಕೋಣೆ ಹಿಡಿದು, ಒಳ್ಳೆ ಬೆಳಕಿನ ಕಿಟಕಿ ನೋಡಿ, ಕುಂಚ ಬಿಚ್ಚಿದಳು. ಫ್ಲಾರೆನ್ಸಿನ ಉಫಿಜಿ ಸಂಗ್ರಹದವರು ದೊಡ್ಡ ಚಿತ್ರಕಾರರ ಸಾಲಿನಲ್ಲಿ ಇಡಲು ಅವಳದೇ ಮುಖದ ಚಿತ್ರ ಕೇಳಿ ಪಡೆದರು. ಇತ್ತ ಫ್ರಾನ್ಸಿನಲ್ಲಿ 1792ರಲ್ಲಿ ಓಡಿಹೋದವರ ಪಟ್ಟಿಗೆ ಅವಳ ಹೆಸರು ಸೇರಿತು. ಪೌರತ್ವ ಹೋಯಿತು. ಮರುವರ್ಷ ರಾಣಿಯ ತಲೆ ಹೋಯಿತು. 1794ರಲ್ಲಿ ಗಂಡ ವಿಚ್ಛೇದನ ತೆಗೆದುಕೊಂಡ. ರಷ್ಯಾದಲ್ಲಿ ಕ್ಯಾಥರೀನ್ ಮಹಾರಾಣಿಯ ಮೊಮ್ಮಕ್ಕಳನ್ನು ತೋಳು ಬಿಟ್ಟ ಉಡುಪಿನಲ್ಲಿ ಬಿಡಿಸಿ ಬೈಸಿಕೊಂಡಳು. ತೋಳು ಸೇರಿಸಿ ಸರಿಮಾಡಿದಳು. ಅಷ್ಟು ಮುದ್ದಿನಿಂದ ಬೆಳೆಸಿದ ಮಗಳು ಅಲ್ಲೇ ತಾಯಿಯ ಮನಸ್ಸಿಗೆ ಬಾರದ ಮದುವೆಯಾಗಿ ದೂರವಾದಳು.

1799ರಲ್ಲಿ 255 ಜನ ಕಲಾವಿದರು, ವಿದ್ವಾಂಸರು ಸಹಿ ಹಾಕಿ ಆಕೆಯ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟರು. ಅವರಲ್ಲಿ ಎಷ್ಟೋ ಜನ ಕ್ರಾಂತಿಯ ಪರ ಇದ್ದವರು. 1802ರ ಜನವರಿಯಲ್ಲಿ ಆಕೆ ಪ್ಯಾರಿಸ್‌ಗೆ ಮರಳಿದಳು. ನಿಮಗೆ ಇನ್ನೊಂದು ಮಾತು. 1793ರಲ್ಲಿ ಕ್ರಾಂತಿ ಸರ್ಕಾರ ಹಳೆಯ ಅಕಾಡೆಮಿಯನ್ನು ಮುಚ್ಚಿತು, ಒಳ್ಳೆಯದೇ. ಆದರೆ ಅದರ ಜಾಗದಲ್ಲಿ 1795ರಲ್ಲಿ ಬಂದ ಹೊಸ ಸಂಸ್ಥೆಯಲ್ಲಿ ಹೆಂಗಸರಿಗೆ ಮೊದಲಿದ್ದ ಆ ನಾಲ್ಕು ಕುರ್ಚಿಯೂ ಇರಲಿಲ್ಲ. ನೀವು ಆಕೆಯ ಜಾಗದಲ್ಲಿ ನಿಂತು ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಜೇಶ್ವರದಿಂದ ಒಬ್ಬ ಓದುಗರು: ಅವರ ಚಿತ್ರಗಳಲ್ಲಿ ಎಲ್ಲರೂ ಚಂದ. ಎಲ್ಲರಿಗೂ ದೊಡ್ಡ ಕಣ್ಣು, ಮೃದು ಚರ್ಮ. ಇದು ಮುಖಸ್ತುತಿ ಅಲ್ಲವೇ?

ಸ್ವಲ್ಪ ಹೌದು. ಸುಮಾರು 660 ಭಾವಚಿತ್ರ ಬಿಡಿಸಿದ್ದಾಳೆ. ಅದರಲ್ಲಿ ಎಷ್ಟೋ ಹೆಂಗಸರು ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಕಾಸು ಕೊಟ್ಟವರಿಗೆ ಚಂದ ಬೇಕಿತ್ತು.

ಈ ಕಷ್ಟ ನನಗೂ ಗೊತ್ತು. ತೀರಿಹೋದವರ ಪಾಸ್‌ಪೋರ್ಟ್ ಸೈಜಿನ ಫೋಟೋ ತಂದು ದೊಡ್ಡದಾಗಿ ಬಿಡಿಸಿಕೊಡಿ ಎನ್ನುವವರು ನಮ್ಮಲ್ಲಿ ಬಹಳ. ಗೋಡೆಗೆ ಹಾಕಿ ಹಾರ ಹಾಕಲು. 'ಸ್ವಲ್ಪ ಬೆಳ್ಳಗೆ ಮಾಡಿ ಟೀಚರ್' ಎಂಬ ಮಾತು ಜತೆಗೇ ಬರುತ್ತದೆ. ಒಂದು ಸಲ ಒಪ್ಪಿದೆ. ಬಣ್ಣ ತಿಳಿ ಮಾಡಿದೆ, ಕೆನ್ನೆಯ ಸುಕ್ಕು ಕಡಿಮೆ ಮಾಡಿದೆ. ಮಕ್ಕಳಿಗೆಲ್ಲ ಖುಷಿ. ಐದು ವರ್ಷದ ಪುಳ್ಳಿ ಮಾತ್ರ ನೋಡಿ, 'ಇದು ನಮ್ಮ ಅಜ್ಜಿ ಅಲ್ಲ' ಅಂದಳು. ಆ ಮೇಲೆ ನಾನು ಹಾಗೆ ಮಾಡಿಲ್ಲ.

ಆದರೆ ಎಲಿಜಬೆತ್ ಚಂದ ಮಾಡುತ್ತಿದ್ದ ದಾರಿ ಬೇರೆ. ಎದುರು ಕೂತವರ ಬಿಗುವು ಹೋಗಬೇಕು, ಆಗ ಮುಖ ತಾನೇ ಅರಳುತ್ತದೆ ಎಂಬುದು ಅವಳ ಲೆಕ್ಕ. ಮುಖ ಬಿಡಿಸುವವರಿಗೆ ಆಕೆ ಬರೆದ ಸಲಹೆಗಳಿವೆ. ಕೂರುವವರು ಬರುವ ಅರ್ಧ ಗಂಟೆ ಮೊದಲೇ ಎಲ್ಲ ಸಿದ್ಧವಾಗಿರಬೇಕು. ಅವರು ಬಂದ ಮೇಲೆ ಬಣ್ಣ ಹುಡುಕುತ್ತಾ ಕೂರಬಾರದು. ಹೆಂಗಸರಾದರೆ ನಿಮ್ಮ ಮೈಬಣ್ಣ ಇವತ್ತು ಚೆನ್ನಾಗಿದೆ ಅನ್ನಬೇಕು, ಆಗ ಅವರು ಖುಷಿಯಿಂದ ಕೂರುತ್ತಾರೆ. ಕಲೋತ್ಸವಕ್ಕೆ ತಯಾರಾಗುವ ಮಕ್ಕಳಿಗೆ ನಾನು ಆ ಅರ್ಧ ಗಂಟೆಯ ಮಾತನ್ನು ಎಷ್ಟು ಸಲ ಹೇಳಿದ್ದೇನೋ.

1787ರಲ್ಲಿ ಮಗಳನ್ನು ಅಪ್ಪಿಕೊಂಡ ತನ್ನದೇ ಚಿತ್ರವನ್ನು ಪ್ರದರ್ಶನಕ್ಕೆ ಇಟ್ಟಳು. ಅದರಲ್ಲಿ ತುಟಿ ಸ್ವಲ್ಪ ತೆರೆದು ನಗುತ್ತಾಳೆ, ಹಲ್ಲು ಕಾಣುತ್ತದೆ. ದೊಡ್ಡವರ ಚಿತ್ರದಲ್ಲಿ ಹಲ್ಲು ಕಾಣಬಾರದು ಎಂದು ಬಲ್ಲವರೆಲ್ಲ ಹುಬ್ಬು ಗಂಟಿಕ್ಕಿದರು. ಮುಖಸ್ತುತಿ ಮಾತ್ರ ಗೊತ್ತಿದ್ದವಳು ಆ ನಗು ಬಿಡಿಸುತ್ತಿರಲಿಲ್ಲ.

ಮುಳ್ಳೇರಿಯದಿಂದ ಒಬ್ಬ ತಾಯಿ: ಮಗಳು ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ಮುಖ ಬಿಡಿಸಿಡುತ್ತಾಳೆ. ಶಾಲೆಯಲ್ಲಿ ಬೈಗುಳ. ನಾನೂ ಒಮ್ಮೆ ಹೊಡೆದೆ. ಏನು ಮಾಡಲಿ ಅಕ್ಕಾ?

ಹೊಡೆಯಬೇಡಿ ತಂಗೀ. ಎಲಿಜಬೆತ್ ಆರನೇ ವಯಸ್ಸಿನಲ್ಲಿ ಕಾನ್ವೆಂಟ್ ಸೇರಿದಳು. ತನ್ನ ಪುಸ್ತಕ, ಪಕ್ಕದವಳ ಪುಸ್ತಕ, ಮಲಗುವ ಕೋಣೆಯ ಗೋಡೆ, ಎಲ್ಲ ಕಡೆ ಇದ್ದಿಲಿನಲ್ಲಿ ಮುಖ ಬಿಡಿಸಿ ಶಿಕ್ಷೆ ತಿನ್ನುತ್ತಿದ್ದಳು. ಏಳೆಂಟು ವರ್ಷದವಳಿದ್ದಾಗ ದೀಪದ ಬೆಳಕಿನಲ್ಲಿ ಗಡ್ಡದ ಮನುಷ್ಯನೊಬ್ಬನ ಚಿತ್ರ ಬಿಡಿಸಿ ಅಪ್ಪನಿಗೆ ತೋರಿಸಿದಳು. ಅಪ್ಪ ಕುಣಿದಾಡಿ, ನೀನು ಚಿತ್ರಕಾರಳಾಗುತ್ತಿ, ನೀನಲ್ಲದೆ ಇನ್ಯಾರು ಎಂದರು. ಆ ಗಡ್ಡದವನ ಚಿತ್ರವನ್ನು ಆಕೆ ಮುದುಕಿಯಾಗುವವರೆಗೂ ಜೋಪಾನ ಮಾಡಿಟ್ಟಿದ್ದಳು.

ಇವತ್ತೇ ಒಂದು ಇನ್ನೂರು ಪುಟದ ಗೆರೆ ಇಲ್ಲದ ಪುಸ್ತಕ ತಂದುಕೊಡಿ. ಪಾಠದ ನೋಟಿನಲ್ಲಿ ಪಾಠ, ಇದರಲ್ಲಿ ಮುಖ ಅಂತ ಹೇಳಿ. ಹೊಡೆದದ್ದಕ್ಕೆ ಅವಳ ಹತ್ತಿರ ಒಂದು ಮಾತು ಹೇಳಿದರೂ ತಪ್ಪಿಲ್ಲ. ಮತ್ತೆ ಒಂದು ದಿನ ನೀವೇ ಅವಳೆದುರು ಕಾಲು ಗಂಟೆ ಅಲುಗಾಡದೆ ಕೂತುಕೊಳ್ಳಿ. ನನ್ನ ಅಮ್ಮ ಅಕ್ಕಿ ಆರಿಸುತ್ತಾ ಹಾಗೆ ಕೂರುತ್ತಿದ್ದರು.

ಪೆರ್ಲದಿಂದ ಹವ್ಯಾಸಿ ಚಿತ್ರಕಾರ: ಆಕೆ ಬಳಸುತ್ತಿದ್ದ ಬಣ್ಣ ಯಾವುದು? ನನ್ನ ತೈಲವರ್ಣದ ಚಿತ್ರಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಎಣ್ಣೆ ಬಣ್ಣವೇ ಹೆಚ್ಚು. ಪೇಸ್ಟಲ್ ಕೂಡಾ ಇತ್ತು, ಅದು ಅಪ್ಪನ ಕೈಗುಣ. 1781ರಲ್ಲಿ ಆಕೆ ಫ್ಲಾಂಡರ್ಸ್ ಕಡೆ ಹೋಗಿದ್ದಾಗ ಆಂಟ್‌ವರ್ಪ್‌ನಲ್ಲಿ ರೂಬೆನ್ಸ್ ಬಿಡಿಸಿದ ಟೋಪಿ ಹೆಂಗಸಿನ ಚಿತ್ರ ನೋಡಿ ಬೆರಗಾದಳು. ಟೋಪಿಯ ನೆರಳಲ್ಲಿದ್ದೂ ಆ ಮುಖ ಬೆಳಗುತ್ತದೆ. ಹಿಂದೆ ಬಂದು ಹುಲ್ಲಿನ ಟೋಪಿ ಹಾಕಿಕೊಂಡು ತನ್ನದೇ ಚಿತ್ರ ಬಿಡಿಸಿದಳು. ಆಮೇಲೆ ಎಷ್ಟೋ ಚಿತ್ರಗಳನ್ನು ಮರದ ಹಲಗೆಯ ಮೇಲೆ ಮಾಡಿದಳು. ನುಣುಪು ಹಲಗೆ, ಅದರ ಮೇಲೆ ತೆಳುವಾಗಿ ಒಂದರ ಮೇಲೊಂದು ಬಣ್ಣದ ಪದರ. ಕೆಳಗಿನದು ಒಣಗಿದ ಮೇಲೆ ಮಾತ್ರ ಮೇಲಿನದು. ಅವಳ ಚಿತ್ರಗಳ ಚರ್ಮದಲ್ಲಿ ಕಾಣುವ ಹೊಳಪು ಆ ತೆಳು ಪದರಗಳದ್ದು.

ನಿಮ್ಮ ಬೂಷ್ಟಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ. ಚಿತ್ರವನ್ನು ಗೋಡೆಗೆ ತಾಗಿಸಿ ನೇತುಹಾಕಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಅಥವಾ ಮರದ ಸಣ್ಣ ತುಂಡು ಅಂಟಿಸಿ. ಹಿಂದಿನಿಂದ ಗಾಳಿ ಆಡಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನೊಳಗೆ ಇಡುವುದಂತೂ ಬೇಡವೇ ಬೇಡ. ಹೊಸ ಚಿತ್ರವನ್ನು ಮಳೆಗಾಲದಲ್ಲಿ ಶುರು ಮಾಡುವುದಾದರೆ ಅಗಸೆ ಎಣ್ಣೆ ಕಡಿಮೆ ಬಳಸಿ, ಪದರ ತೆಳುವಾಗಿರಲಿ. ಈಗಾಗಲೇ ಬಂದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ. ಬಿಸಿಲಿನ ದಿನ ನೋಡಿ ನೆರಳಿನಲ್ಲಿ ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಮೆತ್ತನೆ ಬ್ರಷ್‌ನಿಂದ ಅಂಗಳದಲ್ಲೇ ತೆಗೆಯಿರಿ. ಆ ಬ್ರಷ್ಷನ್ನು ಬಣ್ಣಕ್ಕೆ ಮತ್ತೆ ಬಳಸಬೇಡಿ.